ದೂರಿನ ಹಕ್ಕು ಮತ್ತು ನ್ಯಾಯಾಲಯದ ಗಡಿ: ಇಂಗ್ಲೆಂಡಿನ ಮಕ್ಕಳ ರಕ್ಷಣಾ ಪ್ರಕರಣಗಳ ಒಂದು ಪರಿಶೀಲನೆ

ಇಂಗ್ಲೆಂಡಿನಲ್ಲಿ ಮಗುವಿಗೆ ಅಪಾಯವಿದೆಯೆಂಬ ಶಂಕೆ ಹುಟ್ಟಿದರೆ ವಿಚಾರಿಸುವುದೂ, ಅಗತ್ಯ ಕಂಡರೆ ಮಗುವನ್ನು ತನ್ನ ಪಾಲನೆಗೆ ಪಡೆಯಲು ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕುವುದೂ ಸ್ಥಳೀಯ ಆಡಳಿತದ ಹೊಣೆ. 1989ರ ಮಕ್ಕಳ ಕಾಯ್ದೆಯ 47 ಮತ್ತು 31ನೆಯ ಕಲಮುಗಳು ಈ ಅಧಿಕಾರ ಕೊಟ್ಟಿವೆ. ಅದೇ ಕಾಯ್ದೆಯ 26ನೆಯ ಕಲಮು ಹಾಗೂ 2006ರ ನಿಯಮಾವಳಿ, ಆ ಆಡಳಿತದ ಮೇಲೆಯೇ ದೂರು ಕೊಡಲು ಮೂರು ಹಂತಗಳ ವ್ಯವಸ್ಥೆ ಮಾಡಿವೆ. ಪ್ರಕರಣ ನ್ಯಾಯಾಲಯದ ಮುಂದಿರುವಾಗ ಆ ದೂರಿಗೆ ಎಷ್ಟು ಅವಕಾಶ ಉಳಿಯುತ್ತದೆ?

ಮಿತಿಗೆ ಬಲವಾದ ಕಾರಣವಿದೆ. ಮಗು ಯಾರ ಬಳಿ ಬೆಳೆಯಬೇಕೆಂಬುದನ್ನು ನಿರ್ಧರಿಸಬೇಕಾದವರು ನ್ಯಾಯಾಧೀಶರು. ಅದೇ ಸಾಕ್ಷ್ಯವನ್ನು ದೂರು ವಿಚಾರಿಸುವ ಅಧಿಕಾರಿಯೂ ತೂಗಿದರೆ ಒಂದೇ ಸಂಗತಿಗೆ ಎರಡು ತೀರ್ಮಾನಗಳಾಗುತ್ತವೆ. ಸಮಾಜ ಕಾರ್ಯಕರ್ತರ ಹೇಳಿಕೆ ತಪ್ಪೆಂದಾದರೆ ಅದನ್ನು ಪಾಟೀಸವಾಲಿನಲ್ಲಿ ಒಡೆಯಬೇಕು. ನ್ಯಾಯಾಲಯದ ವ್ಯವಹರಣೆಯ ಆರಂಭವನ್ನೂ ನಡೆಸುವಿಕೆಯನ್ನೂ 1974ರ ಸ್ಥಳೀಯ ಸರ್ಕಾರ ಕಾಯ್ದೆಯ 5ನೆಯ ಅನುಸೂಚಿ, ಸ್ಥಳೀಯ ಆಡಳಿತದ ಮೇಲಿನ ದೂರುಗಳನ್ನು ವಿಚಾರಿಸುವ ಓಂಬುಡ್ಸ್‌ಮನ್ ವ್ಯಾಪ್ತಿಯಿಂದ ಹೊರಗಿಟ್ಟಿರುವುದು ಇದೇ ತರ್ಕದಿಂದ.

ಆದರೆ 2006ರ ನಿಯಮಾವಳಿಯ 8ನೆಯ ನಿಯಮವನ್ನು ಗಮನವಿಟ್ಟು ಓದಬೇಕು. ಪ್ರಕರಣ ಬಾಕಿಯಿದೆ ಎಂಬುದಷ್ಟೇ ದೂರನ್ನು ತಡೆಹಿಡಿಯಲು ಸಾಲದು. ದೂರಿನ ವಿಚಾರಣೆಯಿಂದ ಆ ಪ್ರಕರಣಕ್ಕೆ ಬಾಧಕವಾಗುತ್ತದೆಂದು ಆಡಳಿತ ತೀರ್ಮಾನಿಸಬೇಕು, ಕಾರಣವನ್ನು ಬರೆದು ತಿಳಿಸಬೇಕು. ತಾಯಿ ಮಗುವನ್ನು ವಾರಕ್ಕೆ ಎಷ್ಟು ಸಲ ಕಾಣಬೇಕೆಂಬುದು 34ನೆಯ ಕಲಮಿನ ಪ್ರಶ್ನೆ, ಅದು ನ್ಯಾಯಾಲಯದ್ದೇ. ನಿಗದಿಯಾದ ಭೇಟಿಗೆ ಮೇಲ್ವಿಚಾರಕರು ಬಾರದೆ ತಾಯಿ ಬಾಗಿಲಿನಿಂದಲೇ ಮರಳಿದರೆ ಅದು ಆಡಳಿತದ ಲೋಪ. ಸಭೆಯ ನಡಾವಳಿ ಕೈಗೆ ಸಿಗದಿರುವುದು, ದುಭಾಷಿಯನ್ನು ಒದಗಿಸದಿರುವುದು ಕೂಡ ಅಂಥವೇ. ಇವನ್ನು ಸರಿಪಡಿಸಲು ತೀರ್ಪಿಗಾಗಿ ಕಾಯಬೇಕಿಲ್ಲ.

ಕಾಯುವುದರಿಂದ ಆಗುವ ಹಾನಿಯೂ ಸಣ್ಣದಲ್ಲ. ತಡೆಹಿಡಿದ ದೂರನ್ನು ಪ್ರಕರಣ ಮುಗಿದ ಒಂದು ವರ್ಷದೊಳಗೆ ಮತ್ತೆ ಸಲ್ಲಿಸಬಹುದು, ನಿಜ. ಆದರೆ ಪಾಲನಾ ಪ್ರಕರಣಕ್ಕೆ 2014ರ ಕಾಯ್ದೆ ಗೊತ್ತುಮಾಡಿದ ಅವಧಿ 26 ವಾರ. ಆ ಅವಧಿಯಲ್ಲಿ ತಪ್ಪಿಹೋದ ಭೇಟಿಗಳು ತಾಯಿ–ಮಗುವಿನ ಒಡನಾಟ ಎಷ್ಟು ಗಟ್ಟಿ ಎಂಬ ಮೌಲ್ಯಮಾಪನದ ಮೇಲೂ ಪರಿಣಾಮ ಬೀರಬಲ್ಲವು. ಕೊನೆಗೆ ದತ್ತು ಆದೇಶವಾಗಿಬಿಟ್ಟರೆ ಅದನ್ನು ತೀರ ಅಪರೂಪಕ್ಕಷ್ಟೇ ರದ್ದುಪಡಿಸುತ್ತಾರೆ. ಆಮೇಲೆ ಬರುವ ಕ್ಷಮಾಪಣೆಯ ಪತ್ರದಿಂದ ಆ ತಾಯಿಗೆ ಏನು ಪರಿಹಾರ? ವಕೀಲರು ಇದನ್ನು ನ್ಯಾಯಾಲಯದಲ್ಲೇ ಎತ್ತಬಹುದೆಂಬ ಮಾತಿದೆ. ಎತ್ತಲಿ, ಆದರೂ ಕಚೇರಿಯ ದಿನನಿತ್ಯದ ಸೇವೆಯನ್ನು ತಿದ್ದುವುದು ನ್ಯಾಯಾಧೀಶರ ಮುಖ್ಯ ಕೆಲಸವಲ್ಲ.

ಇನ್ನೊಂದು ತಡೆ ಭಯದ್ದು. ಕುಟುಂಬ ನ್ಯಾಯಾಲಯದ ಕಾಗದಪತ್ರ ಹೊರಗೆ ತೋರಿಸಿದರೆ ನ್ಯಾಯಾಂಗ ನಿಂದನೆಯಾದೀತೆಂಬ ಅಳುಕು. ಆದರೆ ಸಂಬಂಧಪಟ್ಟ ಸಂಸ್ಥೆಯ ಮೇಲೆ ದೂರು ಕೊಡಲು ಅಗತ್ಯವಿರುವ ಮಾಹಿತಿಯನ್ನು ಹಂಚಿಕೊಳ್ಳಲು 2010ರ ಕುಟುಂಬ ವ್ಯವಹರಣಾ ನಿಯಮಗಳ 12.75ನೆಯ ನಿಯಮ ಅನುಮತಿ ನೀಡುತ್ತದೆ. ದೂರನ್ನು ತಡೆಹಿಡಿಯುವ ಪ್ರತಿ ಪತ್ರದಲ್ಲೂ ಈ ಅನುಮತಿಯನ್ನು ತಿಳಿಸಬೇಕು. ದೂರಿನ ಯಾವ ಅಂಶ ನ್ಯಾಯಾಲಯಕ್ಕೆ ಸೇರಿದ್ದು, ಯಾವುದನ್ನು ಆಡಳಿತ ಈಗಲೇ ವಿಚಾರಿಸುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ಬರೆಯಬೇಕು.