ಸ್ವವಿವರದ ಉದ್ದ

ಉದ್ಯೋಗಾಕಾಂಕ್ಷಿಯ ಓದು, ಅನುಭವ, ಕೌಶಲಗಳನ್ನು ಕೆಲಸ ಕೊಡುವವರಿಗೆ ತಿಳಿಸುವ ಬರಹವೇ ಸ್ವವಿವರ. ಬಯೋಡೇಟಾ, ರೆಸ್ಯೂಮ್ ಎಂಬ ಹೆಸರುಗಳೂ ರೂಢಿಯಲ್ಲಿವೆ. ಅದು ಎಷ್ಟು ಪುಟ ಇರಬೇಕೆಂಬ ಪ್ರಶ್ನೆ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಂಥ ಕಡೆ ಹೆಚ್ಚು ಮಹತ್ವದ್ದು. ಇಲ್ಲಿನ ಮುಖ್ಯ ಜೀವನಾಧಾರ ಬೇಸಾಯ. ಓದು ಮುಗಿಸಿ ಖಾಸಗಿ ನೌಕರಿ ಹುಡುಕುವವರು ಹುಬ್ಬಳ್ಳಿ, ಬೆಂಗಳೂರುಗಳತ್ತ ಮುಖ ಮಾಡುತ್ತಾರೆ. ಅಲ್ಲಿ ಗುರುತು ಪರಿಚಯ ಇಲ್ಲದವರ ಪರವಾಗಿ ಮೊದಲು ಮಾತಾಡುವುದು ಈ ಕಾಗದವೇ. ಓದುವವರು ಯಾವ ತೀರ್ಮಾನ ಕೈಗೊಳ್ಳಬೇಕಾಗಿದೆಯೋ ಅದಕ್ಕೆ ಬೇಕಾದಷ್ಟೇ ಸ್ವವಿವರದ ಸರಿಯಾದ ಉದ್ದ. ಈ ಅಳತೆಗೋಲು ಹಿಡಿದರೆ ಹೊಸ ಪದವೀಧರರಿಗೆ ಒಂದು ಪುಟ, ಹಲವು ವರ್ಷ ದುಡಿದವರಿಗೆ ಎರಡು ಪುಟ, ಅಧ್ಯಾಪಕರಿಗೆ ಮತ್ತು ಸಂಶೋಧಕರಿಗೆ ಅವರ ಪ್ರಕಟಣೆಗಳು ಹಿಡಿಸುವಷ್ಟು ಪುಟ ಎಂಬ ಉತ್ತರ ಸಿಗುತ್ತದೆ.

ಇದಕ್ಕೆ ಆಧಾರವಿದೆ. ಅಮೆರಿಕದ ಲ್ಯಾಡರ್ಸ್ ಸಂಸ್ಥೆ ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನು ದಾಖಲಿಸಿ 2012ರಲ್ಲಿ ನಡೆಸಿದ ಅಧ್ಯಯನದಲ್ಲಿ, ಒಂದು ಸ್ವವಿವರದ ಮೊದಲ ನೋಟಕ್ಕೆ ಅವರು ಕೊಟ್ಟ ಸಮಯ ಸುಮಾರು 6 ಸೆಕೆಂಡು. 2018ರಲ್ಲಿ ಅದು 7.4 ಸೆಕೆಂಡು ಆಯಿತು. ಅದೇ 2018ರಲ್ಲಿ ರೆಸ್ಯೂಮ್‌ಗೋ ಎಂಬ ಇನ್ನೊಂದು ಸಂಸ್ಥೆ ನಡೆಸಿದ ಪ್ರಯೋಗ ಬೇರೆಯದನ್ನೇ ಹೇಳಿತು: ನೇಮಕಾತಿ ಮಾಡುವವರು ಒಂದು ಪುಟದ್ದಕ್ಕಿಂತ ಎರಡು ಪುಟದ ಸ್ವವಿವರವನ್ನೇ ಹೆಚ್ಚಾಗಿ ಆರಿಸಿದರು; ಹುದ್ದೆ ಮೇಲಿನದಾದಷ್ಟೂ ಈ ಒಲವು ಬಲವಾಯಿತು. ಮೇಲ್ನೋಟಕ್ಕೆ ವಿರುದ್ಧವೆನಿಸಿದರೂ ಇವೆರಡೂ ಒಂದಕ್ಕೊಂದು ಪೂರಕ. ಮೊದಲ ನೋಟ ಜರಡಿ ಹಿಡಿಯುವ ಕೆಲಸ; ಅಲ್ಲಿ ಉಳಿದವರನ್ನು ಪರಸ್ಪರ ಹೋಲಿಸುವಾಗ ಮಾತ್ರ ಎರಡನೆಯ ಪುಟಕ್ಕೆ ಓದುಗ ಸಿಗುತ್ತಾನೆ. ಹೋಲಿಸಲು ಅನುಭವವೇ ಇನ್ನೂ ಕೂಡಿಬರದವರಿಗೆ ಆ ಪುಟದಿಂದ ಲಾಭವಿಲ್ಲ. ಐದಾರು ಪುಟಗಳ ಸ್ವವಿವರಕ್ಕೆ ಹೆಸರಾಗಿದ್ದ ಅಮೆರಿಕದ ಕೇಂದ್ರ ಸರ್ಕಾರಿ ನೇಮಕಾತಿಯಲ್ಲೂ 2025ರಲ್ಲಿ ಎರಡು ಪುಟಗಳ ಮಿತಿ ಬಂದಿದೆ.

ನಮ್ಮಲ್ಲಿ ಸ್ವವಿವರ ಉದ್ದವಾಗುವುದಕ್ಕೆ ಒಂದು ಮುಖ್ಯ ಕಾರಣ, ಸರ್ಕಾರಿ ಅರ್ಜಿಯ ರೂಪವನ್ನೇ ಖಾಸಗಿ ನೌಕರಿಗೂ ಬಳಸುವುದು. ಕರ್ನಾಟಕ ಲೋಕಸೇವಾ ಆಯೋಗದ ಅರ್ಜಿಯಲ್ಲಿ ಜಾತಿ ಪ್ರವರ್ಗ, ಕನ್ನಡ ಮಾಧ್ಯಮ, 1ರಿಂದ 10ನೆಯ ತರಗತಿವರೆಗಿನ ಗ್ರಾಮೀಣ ವ್ಯಾಸಂಗ ಇವೆಲ್ಲ ಬೇಕೇ ಬೇಕು, ಏಕೆಂದರೆ ಮೀಸಲಾತಿ ನಿರ್ಧಾರವಾಗುವುದೇ ಅವುಗಳ ಮೇಲೆ. ಅಲ್ಲಿ ಉದ್ದವನ್ನು ಅಭ್ಯರ್ಥಿ ತೀರ್ಮಾನಿಸುವುದಿಲ್ಲ, ಅರ್ಜಿಯ ನಮೂನೆ ತೀರ್ಮಾನಿಸುತ್ತದೆ. ಹುಬ್ಬಳ್ಳಿಯ ಕಂಪನಿಯೊಂದರ ಲೆಕ್ಕಪತ್ರ ಸಹಾಯಕನ ಹುದ್ದೆಗೆ ಈ ವಿವರಗಳಿಂದ ಏನೂ ತೀರ್ಮಾನವಾಗದು. ಆದರೂ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿರುವ ಹಳೆಯ ನಮೂನೆಗೆ ಹೆಸರು, ಅಂಕಗಳನ್ನಷ್ಟೇ ಬದಲಿಸಿ ತೆಗೆದ ಪ್ರತಿಯಲ್ಲಿ ವೈವಾಹಿಕ ಸ್ಥಿತಿ, ಧರ್ಮ, ಹವ್ಯಾಸಗಳು, ಬದುಕಿನ ಗುರಿ, ಕೊನೆಗೆ ಮೇಲಿನ ವಿವರಗಳೆಲ್ಲ ಸತ್ಯವೆಂಬ ಘೋಷಣೆ ಸೇರಿ ಅರ್ಧ ಪುಟ ತುಂಬುತ್ತದೆ. ಇವನ್ನು ತೆಗೆದರೆ ಒಂದೂವರೆ ಪುಟದ ಸ್ವವಿವರ ತಾನಾಗಿ ಒಂದಕ್ಕೆ ಇಳಿಯುತ್ತದೆ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪವೊಂದಿದೆ: ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆದವರ ಬಳಿ ಹೇಳಿಕೊಳ್ಳಲು ಇರುವುದೇ ಅಷ್ಟು, ಅದನ್ನೂ ತೆಗೆದರೆ ಉಳಿಯುವುದೇನು? ಉಳಿಯುವುದು ಬಹಳ ಇದೆ, ಅದನ್ನು ಅವರು ಬರೆಯುತ್ತಿಲ್ಲ ಅಷ್ಟೆ. ಹಿರೇಕೆರೂರು, ರಾಣೆಬೆನ್ನೂರು ಭಾಗದಲ್ಲಿ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಉದ್ಯೋಗ. ಹೂವಿನ ಗಂಡುಭಾಗ ತೆಗೆದು ಪರಾಗಸ್ಪರ್ಶ ಮಾಡಿಸುವ ಆ ಸೂಕ್ಷ್ಮ ಕೆಲಸವನ್ನು ಮನೆಯ ಹೊಲದಲ್ಲೇ ಕಲಿತ ಕೃಷಿ ಪದವೀಧರರು ಬೀಜ ಕಂಪನಿಗೆ ಅರ್ಜಿ ಹಾಕುವಾಗ ಅದರ ಸುದ್ದಿಯನ್ನೇ ಎತ್ತದಿದ್ದರೆ, ಇರುವ ಅರ್ಹತೆಯನ್ನು ತಾವೇ ಮುಚ್ಚಿಟ್ಟಂತೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದ ವಾಣಿಜ್ಯ ಪದವೀಧರೆ, ಸವಣೂರಿನ ಎಲೆತೋಟದ ಮಾಲನ್ನು ಪೇಟೆಗೆ ಸಾಗಿಸಿ ಮಾರಿದ ಯುವಕ ಇವರಿಗೂ ಇದೇ ಮಾತು ಸಲ್ಲುತ್ತದೆ. ಎಷ್ಟು ಎಕರೆ, ಎಷ್ಟು ಸದಸ್ಯರು, ಎಷ್ಟು ವರ್ಷ ಎಂಬ ಅಂಕಿಗಳೊಂದಿಗೆ ಬರೆದರೆ ಇಂಥ ಒಂದು ಸಾಲು ಹವ್ಯಾಸಗಳ ಪಟ್ಟಿಗಿಂತ ಎಷ್ಟೋ ಹೆಚ್ಚು ತೂಕದ್ದು. ಸಂಬಳ ಸಿಗದ ದುಡಿಮೆಯೂ ಅನುಭವವೇ.

ಎರಡನೆಯ ಆಕ್ಷೇಪ ಅಧ್ಯಾಪಕರದು, ಅದು ನ್ಯಾಯವಾದದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಪದವಿ, ಸಂಶೋಧನ ಪ್ರಕಟಣೆ, ಬೋಧನಾನುಭವಗಳಿಗೆ ಅಂಕ ಕೊಟ್ಟು ಸಂದರ್ಶನಕ್ಕೆ ಅರ್ಹರ ಪಟ್ಟಿ ಮಾಡಲು ಹೇಳುತ್ತವೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ಬೋಧಕ ಹುದ್ದೆ ಬಯಸುವವರು ಪುಟ ಉಳಿಸಲೆಂದು ಪ್ರಬಂಧವೊಂದನ್ನು ಕೈಬಿಟ್ಟರೆ ಅಂಕವನ್ನೇ ಕಳೆದುಕೊಳ್ಳಬಹುದು. ಅಲ್ಲಿ ಪ್ರತಿ ಸಾಲೂ ತೀರ್ಮಾನಕ್ಕೆ ಬೇಕಾದ್ದು, ಆದ್ದರಿಂದ ಉದ್ದವೇ ಸರಿ. ಮೂರನೆಯ ಆಕ್ಷೇಪ, ಈಗ ಮೊದಲು ಸ್ವವಿವರ ಓದುವುದು ಸಾಫ್ಟ್‌ವೇರ್, ಅದಕ್ಕೆ ದಣಿವಿಲ್ಲ, ಹಾಗಾಗಿ ಎಷ್ಟು ತುಂಬಿದರೂ ನಡೆಯುತ್ತದೆ ಎಂಬುದು. ಸಾಫ್ಟ್‌ವೇರ್ ಹುಡುಕುವುದು ಹುದ್ದೆಯ ಪ್ರಕಟಣೆಯಲ್ಲಿರುವ ಅರ್ಹತೆಗಳನ್ನು; ಅವನ್ನು ಸ್ಪಷ್ಟವಾಗಿ ಬರೆಯಲು ಒಂದು ಪುಟ ಧಾರಾಳ. ಅದು ಆರಿಸಿದ್ದನ್ನು ಸಂದರ್ಶನಕ್ಕೆ ಮೊದಲು ಮನುಷ್ಯರು ಓದುತ್ತಾರೆ.

ಆದ್ದರಿಂದ ಪುಟ ಎಣಿಸುವ ಮೊದಲು ಪ್ರತಿ ಸಾಲನ್ನೂ ಪರೀಕ್ಷಿಸಬೇಕು: ಇದನ್ನು ತೆಗೆದರೆ ಓದುವವರ ತೀರ್ಮಾನ ಬದಲಾದೀತೇ? ಬದಲಾಗುವುದಾದರೆ ಸಾಲು ಉಳಿಯಲಿ, ಇಲ್ಲದಿದ್ದರೆ ಹೋಗಲಿ. ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಈ ಪರೀಕ್ಷೆಯನ್ನು ತರಗತಿಯಲ್ಲೇ ಕಲಿಸಬೇಕು. ಅದಕ್ಕೆ ಹಣ ಬೇಕಿಲ್ಲ, ಒಂದು ಮಧ್ಯಾಹ್ನ ಸಾಕು.