ಕೇರಿಗೆ ಬಂದ ವಿಶ್ವವಿದ್ಯಾನಿಲಯ

ಕನ್ನಡದ ಹಳೆಯ ಓದುಗರಿಗೆ ‘ಪ್ರಸಾರಾಂಗ’ ಎಂಬ ಮಾತು ಚಿರಪರಿಚಿತವಾದದ್ದು. ಹಳದಿಗಟ್ಟಿದ ಕಾಗದದ ಸಣ್ಣ ಪುಸ್ತಕವೊಂದರ ಮೊದಲ ಪುಟವನ್ನು ತಿರುವಿದರೆ ಅಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಹೆಸರೂ ಅದರ ಜೊತೆಗೆ ಈ ಮಾತೂ ಕಾಣಿಸುತ್ತಿದ್ದವು. ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯ, ಸಾಹಿತ್ಯ ಮೊದಲಾದ ವಿಷಯಗಳನ್ನು ಕುರಿತು ತಿಳಿಗನ್ನಡದಲ್ಲಿ ಮಾತನಾಡುವುದು, ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಜನರ ಕೈ ಸೇರುವುದು ಒಂದು ದೊಡ್ಡ ಪರಂಪರೆ. ಅದರ ಋಣ ನಮ್ಮೆಲ್ಲರ ಮೇಲೂ ಇದೆ. ಆದರೆ ‘ಪ್ರಸಾರ’ ಎಂಬ ಮಾತಿನೊಳಗೆ ಒಂದು ಭಾವನೆ ಅಡಗಿದೆ. ಬೆಳಕು ಒಂದು ಕಡೆ ಇದೆ, ಕತ್ತಲೆ ಇನ್ನೊಂದು ಕಡೆ ಇದೆ. ಇಲ್ಲಿಂದ ಅಲ್ಲಿಗೆ ಹರಡುವುದಷ್ಟೇ ಕೆಲಸ ಎಂಬುದು ಆ ಭಾವನೆ. ಅದು ಪೂರ್ತಿ ನಿಜವಲ್ಲವೆಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ನಾನು ಅಧ್ಯಾಪಕನಾಗಿ ಸೇರಿದ ಹೊಸತರಲ್ಲಿ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ನನ್ನ ಪಾಲಿಗೆ ಬಂತು. ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಡನೆ ಆರಂಭವಾದ ಯೋಜನೆ ಅದು. ಕಾಲೇಜಿನ ಹಿಂಭಾಗದ ಕೇರಿಯಲ್ಲಿ ಶಾಲೆಯ ಮಕ್ಕಳಿಗೆ ಸಂಜೆಯ ಪಾಠವನ್ನು ಏರ್ಪಡಿಸಿದೆವು. ಮೊದಲ ವಾರ ಜಾಗ ಸಾಲದಷ್ಟು ಮಕ್ಕಳು ಬಂದರು. ತಿಂಗಳು ತುಂಬುವ ಹೊತ್ತಿಗೆ ಉಳಿದವರು ಐವರು. ‘ಈ ಜನಕ್ಕೆ ವಿದ್ಯೆಯ ಬೆಲೆ ಗೊತ್ತಿಲ್ಲ ಸಾರ್’ ಎಂದು ನಮ್ಮ ಹುಡುಗರು ತೀರ್ಪು ಕೊಟ್ಟರು. ನಾನೂ ಹೌದೆಂದು ತಲೆಯಾಡಿಸಿದೆ. ಒಂದು ದಿನ ಊದುಬತ್ತಿ ಹೊಸೆಯುವ ಕೆಲಸಕ್ಕೆ ಹೋಗುತ್ತಿದ್ದ ತಾಯಿಯೊಬ್ಬಳು ದಾರಿಯಲ್ಲಿ ಸಿಕ್ಕಳು. ‘ಸಂಜೆ ಆರು ಗಂಟೆಗೆ ನಲ್ಲೀಲಿ ನೀರು ಬತ್ತದೆ ಮೇಷ್ಟ್ರೇ. ನಾವು ಕೆಲಸ ಮುಗಿಸ್ಕಂಡು ಬರೋಗಂಟ ಮಕ್ಕಳೇ ಬಿಂದಿಗೆ ಇಟ್ಕಂಡು ಸಾಲಲ್ಲಿ ನಿಂತಿರಬೇಕು. ಸುರು ಮಾಡೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳಿದ್ರೆ ಏಳ್ತಿದ್ವಲ್ಲ’ ಎಂದಳು.

ಆ ‘ಒಂದು ಮಾತು’ ಎಷ್ಟು ದೊಡ್ಡದೆಂಬುದಕ್ಕೆ ಸುಮಾರು ನೂರು ವರ್ಷಗಳ ಚರಿತ್ರೆಯೇ ಸಾಕ್ಷಿಯಾಗಿದೆ. ಅದನ್ನು ಲಂಡನ್ನಿನಿಂದ ಆರಂಭಿಸಬೇಕು.

ಆ ನಗರದ ಪೂರ್ವಭಾಗದ ವೈಟ್‌ಚಾಪೆಲ್ ಬಡವರ ನೆಲೆ; ಹಡಗುಕಟ್ಟೆಯ ಕೂಲಿಗಳು, ದರ್ಜಿಗಳು, ವಲಸೆ ಬಂದವರು ಇಕ್ಕಟ್ಟಿನಲ್ಲಿ ಬಾಳುತ್ತಿದ್ದ ಪ್ರದೇಶ. 1873ರಲ್ಲಿ ಅಲ್ಲಿನ ಇಗರ್ಜಿಗೆ ಪಾದ್ರಿಯಾಗಿ ಬಂದ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟಾ ಅವರು ಕೇರಿಯ ಮಕ್ಕಳನ್ನು ಹಸಿರು ಕಾಣುವ ಹಳ್ಳಿಗಳಿಗೆ ರಜೆಯಲ್ಲಿ ಕಳುಹಿಸುವ ಏರ್ಪಾಡನ್ನು 1877ರಲ್ಲಿ ಒಂಬತ್ತು ಮಕ್ಕಳಿಂದ ಮೊದಲುಮಾಡಿದರು. 1883ರಲ್ಲಿ ಬಾರ್ನೆಟ್ಟರು ಆಕ್ಸ್‌ಫರ್ಡಿನಲ್ಲಿ ಒಂದು ಪ್ರಬಂಧವನ್ನು ಓದಿದರು. ವಿಶ್ವವಿದ್ಯಾನಿಲಯದವರು ಬಡವರಿಗೆ ದೂರದಿಂದ ಹಣ ಕಳುಹಿಸಿದರೆ ಸಾಲದು, ಅವರ ನೆರೆಯಲ್ಲಿ ಮನೆ ಮಾಡಿಕೊಂಡು ಇರಬೇಕು ಎಂಬುದು ಅದರ ತಿರುಳು. ಮರುವರ್ಷದ ಕ್ರಿಸ್‌ಮಸ್‌ನ ಹೊತ್ತಿಗೆ ವೈಟ್‌ಚಾಪೆಲ್ಲಿನಲ್ಲಿ ಟಾಯ್ನ್‌ಬಿ ಹಾಲ್ ಎದ್ದು ನಿಂತಿತು. ಮೂವತ್ತರ ಹರೆಯದಲ್ಲೇ ತೀರಿಕೊಂಡ ಆಕ್ಸ್‌ಫರ್ಡಿನ ಅಧ್ಯಾಪಕ ಆರ್ನಲ್ಡ್ ಟಾಯ್ನ್‌ಬಿ ಅವರ ನೆನಪಿನ ಹೆಸರು ಅದು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನಿಂದ ಬಂದ ತರುಣರು ಅಲ್ಲಿ ವಾಸ ಮಾಡಿದರು. ಸಂಜೆಯ ತರಗತಿಗಳನ್ನು ನಡೆಸಿದರು. 1898ರಿಂದ ಬಡವರಿಗೆ ಉಚಿತವಾಗಿ ಕಾನೂನಿನ ಸಲಹೆಯೂ ಅಲ್ಲಿ ದೊರೆಯಿತು.

ಆ ವಾಸದಿಂದ ಯಾರಿಗೆ ಹೆಚ್ಚು ಪ್ರಯೋಜನವಾಯಿತೆಂದು ಕೇಳಿದರೆ ಉತ್ತರ ಸ್ವಾರಸ್ಯಕರವಾಗಿದೆ. 1903ರಲ್ಲಿ ಅಲ್ಲಿಗೆ ಉಪಮುಖ್ಯಸ್ಥನಾಗಿ ಬಂದ ವಿಲಿಯಂ ಬೆವರಿಜ್ 1942ರ ತಮ್ಮ ವರದಿಯಲ್ಲಿ ಇಡೀ ಬ್ರಿಟನ್ನಿನ ಸಾಮಾಜಿಕ ಭದ್ರತೆಗೆ ನಕ್ಷೆ ಹಾಕಿಕೊಟ್ಟರು. ಕೆಲಕಾಲ ಅದರ ಕಾರ್ಯದರ್ಶಿಯಾಗಿದ್ದ ಕ್ಲೆಮೆಂಟ್ ಆಟ್ಲಿ, ಮುಂದೆ ನಮ್ಮ ದೇಶ ಸ್ವತಂತ್ರವಾದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದವರು. ಕಲಿಸಲು ಹೋದವರೇ ಕಲಿತು ಬಂದರು ಎನ್ನಬೇಕು. ಆದರೂ ಒಂದು ಕೊರತೆ ಇತ್ತು. ಆ ಕಟ್ಟಡವನ್ನು ಆಕ್ಸ್‌ಫರ್ಡಿನ ಕಾಲೇಜಿನ ಮಾದರಿಯಲ್ಲೇ ಕಟ್ಟಿದ್ದರು. ಕೇರಿಯ ಜನ ಅಲ್ಲಿಗೆ ಅತಿಥಿಗಳಾಗಿ ಬರಬಹುದಾಗಿತ್ತು; ಮನೆಯವರಾಗಿ ಬರುವುದು ಅಷ್ಟು ಸುಲಭವಾಗಿರಲಿಲ್ಲ.

ಟಾಯ್ನ್‌ಬಿ ಹಾಲನ್ನು ಕಂಡು ಮೆಚ್ಚಿದವರಲ್ಲಿ ಅಮೆರಿಕದ ಜೇನ್ ಆ್ಯಡಮ್ಸ್ ಎಂಬ ತರುಣಿಯೂ ಒಬ್ಬರು. 1889ರಲ್ಲಿ ಅವರು ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ ಷಿಕಾಗೋ ನಗರದ ಹಾಲ್‌ಸ್ಟೆಡ್ ಬೀದಿಯಲ್ಲಿ ಹಲ್ ಹೌಸನ್ನು ತೆರೆದರು. ಸುತ್ತಲೂ ಇಟಲಿ, ಜರ್ಮನಿ, ರಷ್ಯ, ಗ್ರೀಸ್‌ಗಳಿಂದ ಬಂದ ಕೂಲಿಕಾರರ ಸಂಸಾರಗಳು. ದುಡಿಯಲು ಹೋಗುವ ತಾಯಂದಿರು ಮಕ್ಕಳನ್ನು ಮನೆಯೊಳಗೆ ಕೂಡಿ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಅಂಥ ಮೂವರು ಮಕ್ಕಳನ್ನು ಆ್ಯಡಮ್ಸ್ ಕಂಡರು. ಒಂದು ಮಗು ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದಿತ್ತು. ಇನ್ನೊಂದು ಬೆಂಕಿಯಿಂದ ಸುಟ್ಟುಕೊಂಡಿತ್ತು. ದಿನವೆಲ್ಲ ಅಡುಗೆಮನೆಯ ಮೇಜಿನ ಕಾಲಿಗೆ ಕಟ್ಟಿಹಾಕಿದ್ದರಿಂದ ಮೂರನೆಯದರ ಬೆನ್ನು ಬಾಗಿಹೋಗಿತ್ತು. ಇಂಥ ಮನೆಗಳ ಬಳಿಗೆ ಬರಿಯ ಅಕ್ಷರ ಹೊತ್ತುಕೊಂಡು ಹೋಗುವಂತಿರಲಿಲ್ಲ. ಹಲ್ ಹೌಸ್ ಶಿಶುವಿಹಾರವನ್ನು ನಡೆಸಿತು, ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳುವ ವ್ಯವಸ್ಥೆಯನ್ನೂ ಮಾಡಿತು. 1894ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯವು ಕಸಾಯಿಖಾನೆಗಳ ಹಿಂದಿನ ಕೇರಿಯಲ್ಲಿ ಇಂಥದೇ ನೆಲೆಯನ್ನು ಆರಂಭಿಸಿತು. ಅದೇ ವರ್ಷ ಆ ವಿಶ್ವವಿದ್ಯಾನಿಲಯಕ್ಕೆ ಬಂದ ತತ್ತ್ವಜ್ಞ ಜಾನ್ ಡ್ಯೂಯಿ ಹಲ್ ಹೌಸಿನ ಆಪ್ತ ಮಿತ್ರರಾದರು.

ಜೇನ್ ಆ್ಯಡಮ್ಸ್ ಮತ್ತೊಂದು ಸಂಗತಿಯನ್ನೂ ಗಮನಿಸಿದ್ದರು. ಶಾಲೆಗೆ ಹೋಗಿ ಇಂಗ್ಲಿಷ್ ಕಲಿತ ಮಕ್ಕಳು ಹಳ್ಳಿಯ ಉಡುಗೆಯ ತಮ್ಮ ತಾಯಂದಿರನ್ನು ಕಂಡು ನಾಚಿಕೊಳ್ಳುತ್ತಿದ್ದರು. ವಿದ್ಯೆಯೇ ಮಗುವಿಗೂ ಮನೆಗೂ ನಡುವೆ ಗೋಡೆಯಾಗುತ್ತಿತ್ತು. 1900ರಲ್ಲಿ ಅವರು ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಅದರಲ್ಲಿ ನೂಲುವ, ನೇಯುವ ಹಳೆಯ ಕಸಬುಗಳನ್ನು ಆಯಾ ದೇಶದ ಹೆಂಗಸರೇ ಮಾಡಿ ತೋರಿಸುತ್ತಿದ್ದರು. ಏಂಜಲೀನಾ ಎಂಬ ಇಟಲಿಯ ಹುಡುಗಿ ಅಡುಗೆಯ ತರಗತಿಗೆಂದು ಅಲ್ಲಿಗೆ ಬರುತ್ತಿದ್ದಳು. ಅವಳ ತಾಯಿ ನೂಲಲು ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿಕೊಂಡ ಹೆಂಗಸು ತನ್ನ ತಾಯಿಯೆಂದು ಗೆಳತಿಯರಿಗೆ ತಿಳಿಯಬಾರದೆಂದು ಮಗಳು ಬೇರೆ ಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಒಂದು ಸಂಜೆ ಶಿಕ್ಷಣ ಕಾಲೇಜಿನಿಂದ ಬಂದಿದ್ದವರು ಆ ತಾಯಿಯ ಸುತ್ತ ನೆರೆದು, ಅವಳ ಕೈಚಳಕಕ್ಕೆ ಬೆರಗಾಗಿ ನಿಂತಿದ್ದುದನ್ನು ಮಗಳು ನೋಡಿದಳು. ಅಂದಿನಿಂದ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಮನೆನೂಲಿನ ಬಟ್ಟೆಗಳನ್ನು ತಾಯಿ ಹೊರಗೆ ತೆಗೆಯಬಹುದಾಯಿತು. ತಾಯಿಯೂ ಮಗಳೂ ಒಂದೇ ಬಾಗಿಲಿನಿಂದ ಬರತೊಡಗಿದರು.

ವಿದ್ವಾಂಸರು ಆ ತಾಯಿಗೆ ಕಲಿಸಿದ್ದು ಏನೂ ಇಲ್ಲ. ಅವಳ ಮುಂದೆ ನಿಂತು ನೋಡಿದ್ದು ಅಷ್ಟೇ. ಅಷ್ಟರಿಂದ ಮಗಳ ಕಣ್ಣಿನಲ್ಲಿ ಮನೆಯ ಗೌರವ ಹಿಂದಿರುಗಿತು.

ಈ ಮಾತಿಗೆ ಶಾಸ್ತ್ರದ ರೂಪ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ನ್ಯೂ ಹೇವನ್ ಎಂಬ ಊರಿನಲ್ಲಿ ಸಿರಿವಂತ ಯೇಲ್ ವಿಶ್ವವಿದ್ಯಾನಿಲಯದ ಮಗ್ಗುಲಲ್ಲೇ ಕಪ್ಪು ಜನರ ಬಡ ಕೇರಿಗಳಿವೆ. 1968ರಲ್ಲಿ ಆ ವಿಶ್ವವಿದ್ಯಾನಿಲಯದ ಮನೋವೈದ್ಯ ಜೇಮ್ಸ್ ಕೋಮರ್ ಅಲ್ಲಿನ ಎರಡು ಪ್ರಾಥಮಿಕ ಶಾಲೆಗಳಲ್ಲಿ ಕೆಲಸವನ್ನು ಆರಂಭಿಸಿದರು. ಊರಿನ 33 ಶಾಲೆಗಳಲ್ಲಿ ಕಲಿಕೆಯ ಮಟ್ಟದಲ್ಲಿ ಕಟ್ಟಕಡೆಯವು ಅವು. ಕೋಮರ್ ಸ್ವತಃ ಉಕ್ಕಿನ ಕಾರ್ಖಾನೆಯ ಕೆಲಸಗಾರನ ಮಗ. ಅವರ ತಾಯಿ ಪರರ ಮನೆಗೆಲಸ ಮಾಡಿದವರು, ಶಾಲೆಯ ಮುಖವನ್ನು ಅಷ್ಟಾಗಿ ಕಂಡವರಲ್ಲ. ಬಾಲ್ಯದಲ್ಲಿ ತಮ್ಮಷ್ಟೇ ಬುದ್ಧಿವಂತರಾಗಿದ್ದ ಮೂವರು ಗೆಳೆಯರಲ್ಲಿ ಒಬ್ಬ ಕುಡಿತದಿಂದ ಸತ್ತ, ಒಬ್ಬ ಸೆರೆಮನೆ ಸೇರಿದ, ಒಬ್ಬ ಮನೋರೋಗಿಯಾದ. ತನಗೂ ಅವರಿಗೂ ಇದ್ದ ವ್ಯತ್ಯಾಸವೇನೆಂಬ ಪ್ರಶ್ನೆ ಕೋಮರ್ ಅವರನ್ನು ಕಾಡಿತು. ತನ್ನ ಮನೆಗೂ ಶಾಲೆಗೂ ನಡುವೆ ದಾರಿಯಿತ್ತು, ಅವರಿಗೆ ಅದು ಇರಲಿಲ್ಲ ಎಂಬುದು ಅವರು ಕಂಡುಕೊಂಡ ಉತ್ತರ.

ಮೊದಲ ವರ್ಷ ಎಲ್ಲವೂ ಗೊಂದಲಮಯವಾಗಿತ್ತು, ಪಾಲಕರು ಸಿಟ್ಟಿಗೆದ್ದರು. ಕ್ರಮೇಣ ಕೋಮರ್ ಒಂದು ಪದ್ಧತಿಯನ್ನು ರೂಪಿಸಿದರು. ಮುಖ್ಯೋಪಾಧ್ಯಾಯರು, ಉಪಾಧ್ಯಾಯರು, ಪಾಲಕರು ಒಂದೇ ಮೇಜಿನ ಸುತ್ತ ಕುಳಿತು ಶಾಲೆಯ ಆಗುಹೋಗುಗಳನ್ನು ನಿರ್ಧರಿಸಬೇಕು. ಯಾರೂ ಯಾರ ಮೇಲೂ ತಪ್ಪು ಹೊರಿಸಬಾರದು. ಮತ ಎಣಿಸುವ ಬದಲು ಒಮ್ಮತಕ್ಕೆ ಬರಬೇಕು. ಒಮ್ಮೆ ದೂರದ ಹಳ್ಳಿಯಿಂದ ಬಂದ ಎಂಟು ವರ್ಷದ ಹುಡುಗನನ್ನು ಎರಡು ದಿನಗಳೊಳಗೆ ಶಾಲೆಗೆ ಸೇರಿಸಿದರು. ಅವನು ಗಾಬರಿಯಿಂದ ಉಪಾಧ್ಯಾಯಿನಿಯನ್ನು ಒದ್ದು ಓಡಿಹೋದ. ಹಳೆಯ ಕ್ರಮದಂತೆ ಅವನಿಗೆ ಶಿಕ್ಷೆಯಾಗಬೇಕಾಗಿತ್ತು. ಅದಕ್ಕೆ ಬದಲಾಗಿ, ಅಪರಿಚಿತರ ನಡುವೆ ಅವನಿಗೆ ಹೇಗೆನಿಸಿತ್ತು ಎಂದು ಹಿರಿಯರು ಯೋಚಿಸಿದರು. ಅಂದಿನಿಂದ ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ಒಂದು ಕ್ರಮವೇ ಹುಟ್ಟಿತು. ಒಬ್ಬರೇ ಗುರುಗಳ ಬಳಿ ಮಕ್ಕಳು ಎರಡು ವರ್ಷ ಕಲಿಯುವ ಏರ್ಪಾಡೂ ಆಯಿತು. 1980ರ ದಶಕದ ನಡುವಿನ ಹೊತ್ತಿಗೆ ಆ ಕಾರ್ಯಕ್ರಮದ ಶಾಲೆಗಳು ಊರಿನ ಮುಂಚೂಣಿಯ ಶಾಲೆಗಳ ಸಾಲಿಗೆ ಬಂದಿದ್ದವು.

ಈ ಮೂರು ಪ್ರಯತ್ನಗಳಿಗೂ ಸಮಾನವಾದದ್ದು ಹಣವೂ ಅಲ್ಲ, ಪಾಂಡಿತ್ಯವೂ ಅಲ್ಲ. ಇವರೆಲ್ಲ ಅಲ್ಲಿಯೇ ಉಳಿದರು. ಬಾರ್ನೆಟ್ಟರು ವೈಟ್‌ಚಾಪೆಲ್ಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಇದ್ದರು. ಜೇನ್ ಆ್ಯಡಮ್ಸ್‌ಗೆ 1931ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂದಾಗಲೂ, 1935ರಲ್ಲಿ ಅವರು ತೀರಿಕೊಂಡಾಗಲೂ ಅವರ ಮನೆ ಹಲ್ ಹೌಸೇ ಆಗಿತ್ತು. ಕೋಮರ್ ದಶಕಗಳ ಕಾಲ ತಮ್ಮ ಕೆಲಸವನ್ನು ಬಿಡಲಿಲ್ಲ. ಕೇಳಿ ತಿಳಿಯುವುದು, ಉಳಿದು ನಡೆಸುವುದು ಇವೆರಡೂ ಕೂಡಿದಾಗಲೇ ವಿಶ್ವವಿದ್ಯಾನಿಲಯ ಕೇರಿಗೆ ಬಂತೆಂದು ಹೇಳಬಹುದು.

ನಮ್ಮ ಸಂಜೆಯ ಪಾಠ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಆ ತಾಯಿಯ ಮಾತಿನಂತೆ ಪಾಠದ ಹೊತ್ತನ್ನು ಏಳೂವರೆಗೆ ಬದಲಾಯಿಸಿದೆವು. ಮಕ್ಕಳು ಹಿಂದಿರುಗಿದರು. ಕೆಲವು ತಾಯಂದಿರೂ ಬಂದು ಬಾಗಿಲ ಬಳಿ ಕುಳಿತು ಕೇಳುತ್ತಿದ್ದರು. ಮಾರ್ಚಿಯಲ್ಲಿ ಪರೀಕ್ಷೆ ಬಂತು. ನಮ್ಮ ವಿದ್ಯಾರ್ಥಿಗಳು ಚದುರಿದರು. ಬೇಸಗೆಯಲ್ಲಿ ನನಗೆ ಬೇರೆ ಊರಿಗೆ ವರ್ಗವಾಯಿತು. ಕೇಳುವುದನ್ನು ಆಕೆ ನನಗೆ ಕಲಿಸಿದ್ದಳು. ಉಳಿಯುವುದು ನನ್ನ ಕೈಲಿರಲಿಲ್ಲವೆಂದು ಈಗ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಹೊರಡುವ ಮುನ್ನ ಆ ಕೇರಿಗೆ ಹೋಗಿ, ‘ನಾಳೆಯಿಂದ ನಾವು ಬರುವುದಿಲ್ಲಮ್ಮ’ ಎಂದು ಹೇಳಿಬರುವುದು ನನ್ನ ಕೈಲಿತ್ತು. ನಾನು ಅದನ್ನೂ ಮಾಡಲಿಲ್ಲ.