ಕಿಡಿ ಹಾರುವ ಗಳಿಗೆ

ಪೆಟ್ರೋಲ್ ಎಂಜಿನ್ನಿನ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ ಪಾಠ ಸರಳವಾದದ್ದು. ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ, ಕಿಡಿ ಹಾರುತ್ತದೆ, ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಆದರೆ ಆ ಕಿಡಿ ಸರಿಯಾಗಿ ಯಾವ ಗಳಿಗೆಯಲ್ಲಿ ಹಾರಬೇಕು? ಅದನ್ನು ತೀರ್ಮಾನಿಸುವವರು ಯಾರು? ಮೋಟಾರು ವಾಹನದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ದೊರೆತಿದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಗಾಳಿತಂಪಿನ ಎಂಜಿನ್ನನ್ನು ಬಿಚ್ಚಿ, ತಮಗೆ ಬೇಕಾದ ಹಾಗೆ ಮತ್ತೆ ಕಟ್ಟುವ ಹವ್ಯಾಸಿಗಳ ಮುಂದೆ ಈ ಪ್ರಶ್ನೆ ಇಂದಿಗೂ ಹೊಸದಾಗಿಯೇ ಎದ್ದು ನಿಲ್ಲುತ್ತದೆ.

ಮೊದಲು ಒಂದು ಚಿಕ್ಕ ಲೆಕ್ಕ ನೋಡೋಣ. ಮಿಶ್ರಣ ಒಮ್ಮೆಗೇ ಉರಿದು ಮುಗಿಯುವುದಿಲ್ಲ. ಅದಕ್ಕೂ ಸ್ವಲ್ಪ ಕಾಲ ಬೇಕು. ಆದ್ದರಿಂದ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕಾಗುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ಅಡ್ವಾನ್ಸ್ ಎನ್ನುತ್ತಾರೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸೆಕೆಂಡಿನ ಐವತ್ತನೇ ಒಂದು ಪಾಲು ಸಾಕು. ಆಗ 30 ಡಿಗ್ರಿ ತಿರುಗಲು ಹಿಡಿಯುವ ಕಾಲದಲ್ಲಿ, 900 ಸುತ್ತಿನ ನಿಧಾನಗತಿಯ ಎಂಜಿನ್ ಕೇವಲ 9 ಡಿಗ್ರಿ ತಿರುಗಿರುತ್ತದೆ. ಅಂದರೆ ವೇಗ ಹೆಚ್ಚಿದಂತೆ ಕಿಡಿಯೂ ಮುಂಚಿತವಾಗಿ ಬರಬೇಕು. ಒಂದೇ ಕಡೆ ನಿಲ್ಲಿಸಿದ ಕಿಡಿ ಎಲ್ಲ ವೇಗಕ್ಕೂ ಹೊಂದುವುದಿಲ್ಲ.

ಆರಂಭದ ದಿನಗಳಲ್ಲಿ ಈ ಹೊಣೆ ಚಾಲಕನದಾಗಿತ್ತು. 1886ರಲ್ಲಿ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ವಾಹನಕ್ಕೆ ಬ್ಯಾಟರಿಯಿಂದ ಕಿಡಿ ಹಾರಿಸಿದ. ಅವನ ಸಮಕಾಲೀನ ಗಾಟ್ಲೀಬ್ ಡೈಮ್ಲರ್ ಕೆಂಪಗೆ ಕಾಯಿಸಿದ ಕೊಳವೆಯನ್ನೇ ನೆಚ್ಚಿಕೊಂಡಿದ್ದ. 1902ರಲ್ಲಿ ರಾಬರ್ಟ್ ಬಾಷ್‌ನ ಸಂಸ್ಥೆಯ ಗಾಟ್ಲೋಬ್ ಹೊನೋಲ್ಡ್ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೋವನ್ನು ಸ್ಪಾರ್ಕ್ ಪ್ಲಗ್ ಸಮೇತ ರೂಪಿಸಿದ ಮೇಲೆ ಕಿಡಿ ನಂಬಿಕೆಗೆ ಅರ್ಹವಾಯಿತು. ಈ ಬಾಷ್ ಸಂಸ್ಥೆ ನಮಗೆ ದೂರದ್ದಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಅದರದೇ ಕುಟುಂಬಕ್ಕೆ ಸೇರಿದ್ದು. ಮೈಕೋ ಪ್ಲಗ್ಗಿನ ಹೆಸರು ಕೇಳದ ಗ್ಯಾರೇಜು ನಮ್ಮ ನಾಡಿನಲ್ಲಿ ಅಪರೂಪ.

ಆದರೂ ಗಳಿಗೆಯ ನಿರ್ಧಾರ ಮನುಷ್ಯನ ಕೈಯಲ್ಲೇ ಉಳಿಯಿತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯಲ್ಲಿ ಸ್ಟೀರಿಂಗಿನ ಎಡಕ್ಕೊಂದು ಸನ್ನೆಕೋಲು ಇತ್ತು. ಕಿಡಿಯನ್ನು ಮುಂದಕ್ಕೆ ತರುವುದೂ ಹಿಂದಕ್ಕೆ ಒಯ್ಯುವುದೂ ಅದರಿಂದಲೇ. ಅದನ್ನು ಹಿಂದಕ್ಕೆ ಇಡಲು ಮರೆತು ಹ್ಯಾಂಡಲ್ ಹೊಡೆದರೆ ಎಂಜಿನ್ ತಿರುಗಿ ಒದೆಯುತ್ತಿತ್ತು. ಹಾಗೆ ಮಣಿಕಟ್ಟು ಮುರಿದುಕೊಂಡವರು ಆ ಕಾಲದಲ್ಲಿ ಕಡಿಮೆಯೇನಲ್ಲ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್‌ನ ವಿದ್ಯುತ್ ಸ್ಟಾರ್ಟರ್ ಬಂದು ಆ ಅಪಾಯ ತಪ್ಪುವ ದಾರಿ ತೆರೆಯಿತು. ಕ್ರಮೇಣ ಆ ಸನ್ನೆಕೋಲು ಮಾಯವಾಗಿ ಅದರ ಕೆಲಸ ಡಿಸ್ಟ್ರಿಬ್ಯೂಟರಿನ ಒಳಸೇರಿತು. ವೇಗ ಹೆಚ್ಚಿದಾಗ ಹೊರಕ್ಕೆ ಚಿಮ್ಮುವ ಎರಡು ಪುಟ್ಟ ತೂಕಗಳು ಕಿಡಿಯನ್ನು ಮುಂದಕ್ಕೆ ತಂದವು. ಹಗುರವಾಗಿ ಓಡುವಾಗ ಎಂಜಿನ್ನಿನ ಎಳೆತವನ್ನು ಗ್ರಹಿಸುವ ವ್ಯಾಕ್ಯೂಮ್ ಡಬ್ಬಿ ಇನ್ನಷ್ಟು ಮುಂದಕ್ಕೆ ತಂದಿತು. ಚಾಲಕ ನಿಶ್ಚಿಂತನಾದ. ತೀರ್ಮಾನ ಕಾರ್ಖಾನೆಗೆ ಸೇರಿತು.

ಬೀಟಲ್ ಹುಟ್ಟಿದ್ದು ಈ ಕಾಲದಲ್ಲಿ. ಫರ್ಡಿನೆಂಡ್ ಪೋರ್ಶೆಯ ತಂಡದಲ್ಲಿದ್ದ ಫ್ರಾಂಜ್ ರೈಮ್‌ಸ್ಪೀಸ್ ರೂಪಿಸಿದ ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಅತ್ತಿತ್ತ ಮಲಗಿರುತ್ತವೆ. ನೀರಿಲ್ಲ, ರೇಡಿಯೇಟರಿಲ್ಲ. ಒಂದು ಫ್ಯಾನು ಬೀಸುವ ಗಾಳಿ ಮತ್ತು ಒಳಗೆ ಹರಿಯುವ ಆಯಿಲ್, ಇವೇ ಅದನ್ನು ತಂಪಾಗಿಡುವುದು. 1938ರಲ್ಲಿ 985 ಸಿ.ಸಿ. ಇದ್ದದ್ದು ಮುಂದೆ 1584 ಸಿ.ಸಿ.ವರೆಗೆ ಬೆಳೆಯಿತು. 2003ರ ಜುಲೈನಲ್ಲಿ ಮೆಕ್ಸಿಕೋದಲ್ಲಿ ಕೊನೆಯ ಕಾರು ಹೊರಬಂದಾಗ ಒಟ್ಟು ಸಂಖ್ಯೆ ಎರಡು ಕೋಟಿ ಹದಿನೈದು ಲಕ್ಷವನ್ನು ದಾಟಿತ್ತು.

ಈ ಎಂಜಿನ್ನಿಗೆ ಗಳಿಗೆ ಎಷ್ಟು ಮುಖ್ಯ ಎಂಬುದಕ್ಕೆ ಅದರ ಮೂರನೇ ಸಿಲಿಂಡರೇ ಸಾಕ್ಷಿ. ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರ್ ಗಾಳಿಯ ದಾರಿಗೆ ಅಡ್ಡವಾಗಿದ್ದುದರಿಂದ ಆ ಸಿಲಿಂಡರಿಗೆ ಬಿಸಿ ಗಾಳಿಯೇ ಪಾಲಿಗೆ ಬರುತ್ತಿತ್ತು. ಅದನ್ನು ಕಾಪಾಡಲೆಂದು ಆ ಕಾಲದ ಹಲವು ಡಿಸ್ಟ್ರಿಬ್ಯೂಟರುಗಳಲ್ಲಿ ಆ ಒಂದು ಸಿಲಿಂಡರಿನ ಕಿಡಿಯನ್ನು ಮಾತ್ರ ಕೆಲವು ಡಿಗ್ರಿ ತಡವಾಗಿಸಿದ್ದರು!

ಈಗ ಹವ್ಯಾಸಿಗಳ ಮಾತಿಗೆ ಬರೋಣ. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಬೀಟಲ್ ಎಂಜಿನ್ನಿನ ಮೇಲೆ ಫೈಬರ್ ಗ್ಲಾಸಿನ ಮರಳುಗಾಡಿಯೊಂದನ್ನು ಕಟ್ಟಿದ. ಇಂಥ ಸ್ವಂತ ತಯಾರಿಯ ವಾಹನಗಳು ಜಗತ್ತಿನಾದ್ಯಂತ ಹಬ್ಬಿದವು. ಸಿಲಿಂಡರಿನ ವ್ಯಾಸವನ್ನು 85.5ರಿಂದ 90.5 ಮಿಲಿಮೀಟರಿಗೆ ಏರಿಸಿದರೆ 1584 ಸಿ.ಸಿ. ಎಂಜಿನ್ 1776 ಸಿ.ಸಿ. ಆಗುತ್ತದೆ. ಕ್ಯಾಮ್ ಬದಲಾಗುತ್ತದೆ, ಕಾರ್ಬ್ಯುರೇಟರ್ ಬದಲಾಗುತ್ತದೆ, ಒತ್ತಡದ ಪ್ರಮಾಣವೂ ಬದಲಾಗುತ್ತದೆ. ಪುಲ್ಲಿಯ ಮೇಲೆ ಕಾರ್ಖಾನೆ ಕೊರೆದ ಗುರುತು ಮಾತ್ರ ಹಾಗೆಯೇ ಉಳಿಯುತ್ತದೆ. ಆ ಗುರುತನ್ನು ಕೊರೆದದ್ದು ಬೇರೊಂದು ಎಂಜಿನ್ನಿಗೆ ಎಂಬುದನ್ನು ಮರೆಯಬಾರದು. 1960ರ ದಶಕದ ಮಾದರಿಗಳಲ್ಲೇ 7.5 ಡಿಗ್ರಿ, 10 ಡಿಗ್ರಿ ಎಂದು ಬೇರೆ ಬೇರೆ ಅಂಕಿಗಳಿದ್ದವು. 1970ರ ದಶಕದ ಆರಂಭದಲ್ಲಿ ಹೊಗೆ ನಿಯಂತ್ರಣಕ್ಕೆಂದು ಬಂದ ಕೆಲವು ಮಾದರಿಗಳಿಗೆ ಪಿಸ್ಟನ್ ತುದಿ ದಾಟಿದ 5 ಡಿಗ್ರಿಯ ಮೇಲೆ ಕಿಡಿ ಹಾರುವಂತೆ ಗುರುತಿತ್ತು. ಅಂಥ ಪುಲ್ಲಿಗೆ ಹವ್ಯಾಸಿಗಳ ಅಚ್ಚುಮೆಚ್ಚಿನ ಬಾಷ್ 009 ಡಿಸ್ಟ್ರಿಬ್ಯೂಟರನ್ನು, ಅಂದರೆ ವ್ಯಾಕ್ಯೂಮ್ ಇಲ್ಲದ, ತೂಕಗಳನ್ನು ಮಾತ್ರ ನಂಬಿದ ಸಾಧನವನ್ನು, ಜೋಡಿಸಿ ಹಳೆಯ ಗುರುತಿಗೇ ನಿಲ್ಲಿಸಿದರೆ ಕಿಡಿ ಎಲ್ಲ ವೇಗದಲ್ಲೂ ತಡವಾಗುತ್ತದೆ.

ತಡವಾದರೆ ಶಕ್ತಿ ಕುಂದುವುದಷ್ಟೇ ಅಲ್ಲ, ಉರಿ ಹೊರದಾರಿಯವರೆಗೂ ಮುಂದುವರಿದು ಎಕ್ಸಾಸ್ಟ್ ವಾಲ್ವುಗಳೂ ಹೆಡ್ಡೂ ಕಾಯುತ್ತವೆ. ತೀರ ಮುಂಚೆಯಾದರೆ ಅಪಾಯ ಇನ್ನೂ ದೊಡ್ಡದು. ಮಿಶ್ರಣದ ಉಳಿದ ಭಾಗ ಒತ್ತಡ ತಾಳದೆ ತಾನಾಗಿಯೇ ಸಿಡಿಯುತ್ತದೆ. ಇದೇ ನಾಕಿಂಗ್. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ದೀರ್ಘಕಾಲ ಅಧ್ಯಯನ ಮಾಡಿದ ವಿಷಯವಿದು. ಇದನ್ನು ತಡೆಯಲು 1921ರಲ್ಲಿ ಥಾಮಸ್ ಮಿಜ್ಲಿ ಕಂಡುಹಿಡಿದ ಸೀಸದ ಬೆರಕೆ ವಿಷವೆಂದು ತಿಳಿದು, ಭಾರತದಲ್ಲಿ 2000ದಲ್ಲಿ ನಿಂತುಹೋಯಿತು. ನೀರಿನ ಎಂಜಿನ್ನಿನಲ್ಲಿ ಸೂಚಕದ ಮುಳ್ಳು ಏರಿ, ಆವಿ ಎದ್ದು ನಮ್ಮನ್ನು ಎಚ್ಚರಿಸುತ್ತದೆ. ಗಾಳಿತಂಪಿನ ಎಂಜಿನ್ನಿನಲ್ಲಿ ಆ ಎಚ್ಚರಿಕೆ ಇಲ್ಲ. ಜೊತೆಗೆ ಫ್ಯಾನಿನ ಸದ್ದಿನಲ್ಲಿ ನಾಕಿಂಗ್ ಕಿವಿಗೆ ಬೀಳುವುದೂ ಕಷ್ಟ. ಪಿಸ್ಟನ್ ತೂತಾದ ಮೇಲೆಯೇ ತಿಳಿಯುತ್ತದೆ.

ಹಾಗಾದರೆ ದಾರಿ ಯಾವುದು? ಅನುಭವಿಗಳು ನಿಧಾನಗತಿಯ ಅಂಕಿಯನ್ನು ಬಿಟ್ಟು ಪೂರ್ತಿ ವೇಗದ ಅಂಕಿಯನ್ನು ಹಿಡಿಯುತ್ತಾರೆ. ಮೊದಲು ಪಾಯಿಂಟ್ ಗ್ಯಾಪನ್ನು 0.4 ಮಿಲಿಮೀಟರಿಗೆ ಇಡಬೇಕು, ಏಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಡಿಗ್ರಿಗಳನ್ನು ಕೆತ್ತಿದ ಪುಲ್ಲಿ ಹಾಕಬೇಕು. ವ್ಯಾಕ್ಯೂಮ್ ಕೊಳವೆ ಇದ್ದರೆ ಅದನ್ನು ಕಳಚಿ ಬಾಯಿ ಮುಚ್ಚಬೇಕು. ಎಂಜಿನ್ ಬಿಸಿಯಾದ ಮೇಲೆ 3000 ಸುತ್ತಿನ ಆಚೆಗೆ, ಅಡ್ವಾನ್ಸ್ ಇನ್ನು ಮುಂದೆ ಸರಿಯದು ಎನ್ನುವಷ್ಟು ಏರಿಸಿ, ಪ್ರತಿ ಕಿಡಿಗೂ ಮಿಂಚುವ ಟೈಮಿಂಗ್ ಲೈಟನ್ನು ಪುಲ್ಲಿಯತ್ತ ಹಿಡಿಯಬೇಕು. ಗಿರ್ರನೆ ತಿರುಗುವ ಪುಲ್ಲಿ ಆ ಬೆಳಕಿನಲ್ಲಿ ನಿಂತಂತೆ ಕಾಣುತ್ತದೆ. ಎಂಜಿನ್ ಪೆಟ್ಟಿಗೆಯ ಎರಡು ಹೋಳು ಕೂಡುವ ಗೆರೆಗೆ ಎದುರಾಗಿ ಸಾಮಾನ್ಯವಾಗಿ 28ರಿಂದ 32 ಡಿಗ್ರಿ ಕಾಣುವಂತೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿಯಬೇಕು. ಒತ್ತಡ ಹೆಚ್ಚಿರುವ ಎಂಜಿನ್ನಿಗೆ ಕೆಳಗಿನ ಅಂಕಿಯಿಂದ ಆರಂಭಿಸುವುದೇ ಜಾಣತನ. ನಿಧಾನಗತಿಯಲ್ಲಿ ಎಷ್ಟು ಬರುತ್ತದೋ ಬರಲಿ.

1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳೂ ಗಾಳಿತಂಪಿನವೇ. ಅವುಗಳ ಪಾಯಿಂಟ್ ಸರಿಮಾಡಿದ ಕೈಗಳಿಗೆ ಈ ಮಾತು ಹೊಸದೇನಲ್ಲ. ಇಂದಿನ ಕಾರುಗಳಲ್ಲಿ ಕಂಪ್ಯೂಟರು ನಾಕಿಂಗನ್ನು ತಾನೇ ಆಲಿಸಿ ಕಿಡಿಯ ಗಳಿಗೆಯನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಆದರೆ ಹಳೆಯ ಎಂಜಿನ್ನನ್ನು ಹೊಸದಾಗಿ ಕಟ್ಟಿದವರಿಗೆ ಆ ಸೌಲಭ್ಯವಿಲ್ಲ. ಚಾಲಕನಿಂದ ಕಾರ್ಖಾನೆಗೆ ಹೋದ ತೀರ್ಮಾನ ಅವರ ಪಾಲಿಗೆ ಮತ್ತೆ ಮನುಷ್ಯನ ಕೈಗೇ ಬಂದಿದೆ. ಎಂಜಿನ್ ಕಟ್ಟಿದವರೇ ಅದರ ಗುರುತನ್ನೂ ಕಂಡುಕೊಳ್ಳಬೇಕು.